ಕೇಳಿ, ಹೇಳುತ್ತೇವೆ: ಕಹಿಯಾದ ಗಂಬೊ, ಮುದ್ದೆಯಾದ ಜಂಬಲಾಯ

ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ನೆಲೆಸಿದ ಫ್ರೆಂಚ್ ಮೂಲದ ಕೇಜನ್ ಜನರ ಅಡುಗೆ ಮತ್ತು ಅದರ ನೆರೆಯ ಕರಾವಳಿ ಅಡುಗೆಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಓದುಗರನ್ನು ಕೇಳಿದ್ದೆವು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಗಂಬೊ ಎಂದರೆ ಅನ್ನದ ಮೇಲೆ ಹಾಕಿಕೊಂಡು ಉಣ್ಣುವ ಸಾರು, ಜಂಬಲಾಯ ಎಂದರೆ ಕೋಳಿ ಮುಂತಾದವನ್ನು ಸೇರಿಸಿ ಒಂದೇ ಪಾತ್ರೆಯಲ್ಲಿ ಬೇಯಿಸುವ ಅನ್ನ.

ಹ್ಯೂಸ್ಟನ್‌ನಲ್ಲಿರುವ ಮಗ ಫೋನಿನಲ್ಲಿ ಹೇಳಿಕೊಟ್ಟಂತೆ ಕೋಳಿ ಗಂಬೊ ಮಾಡಿದೆ. ಒಂದು ಕಪ್ ಬೆಣ್ಣೆಯಲ್ಲಿ ಒಂದು ಕಪ್ ಮೈದಾ ಹುರಿಯುತ್ತಿದ್ದಾಗ ಹತ್ತು ನಿಮಿಷಕ್ಕೇ ಕಪ್ಪು ಚುಕ್ಕಿ ಬಂದವು. ಹಾಗೇ ನೀರು ಹಾಕಿ ಕುದಿಸಿದೆ. ಕಹಿಯಾಯಿತು, ಗಟ್ಟಿಯೂ ಆಗಲಿಲ್ಲ. ಸಕ್ಕರೆ ಹಾಕಿದರೂ ಕಹಿ ಹೋಗಲಿಲ್ಲ. ಎಲ್ಲಿ ತಪ್ಪಿತು?
— ಓದುಗರೊಬ್ಬರು, ಬಳ್ಳಾರಿ

ಕಪ್ಪು ಚುಕ್ಕಿ ಕಂಡ ಕೂಡಲೇ ಚೆಲ್ಲಿ, ಬಾಣಲೆ ತೊಳೆದು ಮತ್ತೆ ಶುರು ಮಾಡಬೇಕಿತ್ತು. ಸುಟ್ಟ ಹಿಟ್ಟಿನ ಕಹಿಯನ್ನು ಸಕ್ಕರೆಯೂ ತೆಗೆಯದು, ಹುಣಸೆಯೂ ತೆಗೆಯದು. ಒಂದು ಕಪ್ ಮೈದಾ ಉಳಿಸಲು ಹೋಗಿ ಒಂದು ಕೋಳಿ ಕೆಡಿಸಿಕೊಳ್ಳುವುದು ಯಾವ ಲೆಕ್ಕ?

ಎಣ್ಣೆ ಅಥವಾ ಕೊಬ್ಬಿನಲ್ಲಿ ಹಿಟ್ಟು ಹುರಿದು ಮಾಡುವ ಈ ಬುನಾದಿಗೆ ಅಲ್ಲಿ ರೂ ಎನ್ನುತ್ತಾರೆ. ನಿಮ್ಮದು ಕೆಟ್ಟದ್ದಕ್ಕೆ ಮುಖ್ಯ ಕಾರಣ ಬೆಣ್ಣೆ. ಅದರೊಳಗಿನ ಹಾಲಿನ ಅಂಶ ಹಿಟ್ಟು ಬಣ್ಣ ತಿರುಗುವ ಮೊದಲೇ ಸೀಯುತ್ತದೆ. ಫ್ರೆಂಚರ ಬಿಳಿ ಸಾಸಿನ ರೂ ಐದೇ ನಿಮಿಷದ್ದು, ಅದಕ್ಕೆ ಬೆಣ್ಣೆ ನಡೆಯುತ್ತದೆ. ಗಂಬೊದ ರೂ ಮುಕ್ಕಾಲು ಗಂಟೆಯ ಕೆಲಸ. ಹಿಂದೆ ಅಲ್ಲಿ ಹಂದಿಯ ಕೊಬ್ಬು ಬಳಸುತ್ತಿದ್ದರು, ಈಗ ಹೆಚ್ಚಿನವರು ಎಣ್ಣೆ ಬಳಸುತ್ತಾರೆ. ನಿಮಗೆ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಸರಿ. ಗಾಣದ ಶೇಂಗಾ ಎಣ್ಣೆಯೂ ಆದೀತು, ಆದರೆ ಅದರ ವಾಸನೆ ಉಳಿದೆಲ್ಲವನ್ನೂ ಮುಚ್ಚುತ್ತದೆ.

ಅಳತೆ ಹೀಗೆ: ಅರ್ಧ ಕಪ್ ಎಣ್ಣೆ, ಅರ್ಧ ಕಪ್ ಮೈದಾ, ಒಂದೂವರೆ ಲೀಟರ್ ಸ್ಟಾಕ್, ಅಂದರೆ ಕೋಳಿ ಎಲುಬು ಕುದಿಸಿ ಸೋಸಿದ ನೀರು. ಇದು ಐದಾರು ಮಂದಿಗೆ ಸಾಕು. ದಪ್ಪ ತಳದ ಬಾಣಲೆ ಇರಲಿ. ದುಂಡು ಸೌಟು ಬೇಡ, ತುದಿ ಚಪ್ಪಟೆಯಿರುವ ಮರದ ಸಟ್ಟುಗ ಬೇಕು. ದುಂಡು ಸೌಟು ಮುಟ್ಟದೆ ಬಿಟ್ಟ ಮೂಲೆಯಲ್ಲೇ ಹಿಟ್ಟು ಕೂತು ಮೊದಲು ಸುಡುವುದು. ಎಣ್ಣೆ ಕಾದ ಮೇಲೆ ಹಿಟ್ಟನ್ನು ಮೂರು ಸಲಕ್ಕೆ ಉದುರಿಸಿ, ಗಂಟು ಒಡೆದು, ಉರಿಯನ್ನು ಮಧ್ಯಮಕ್ಕಿಂತ ಕೆಳಗೆ ಇಳಿಸಿ. ಆಮೇಲೆ ಕೈ ನಿಲ್ಲಿಸುವಂತಿಲ್ಲ. ಫೋನ್ ಬಂದರೆ ಒಲೆ ಆರಿಸಿ, ಆರಿಸಿದ ಮೇಲೂ ಎರಡು ನಿಮಿಷ ತಿರುವಿ. ಬಾಣಲೆಯ ಕಾವಿಗೇ ಅದು ಹುರಿಯುತ್ತಿರುತ್ತದೆ.

ಮೊದಲ ಐದು ನಿಮಿಷ ಹಸಿ ಹಿಟ್ಟಿನ ವಾಸನೆ. ಹದಿನೈದರ ಹೊತ್ತಿಗೆ ತಿಳಿ ಹಳದಿ. ಇಪ್ಪತ್ತೈದಕ್ಕೆ ಹುರಿದ ಶೇಂಗಾ ಸಿಪ್ಪೆಯ ಬಣ್ಣ ಬಂದು ಘಮ ಏಳುತ್ತದೆ. ಇಲ್ಲಿಂದ ಮುಂದೆಯೇ ಅಪಾಯ: ಬಣ್ಣ ಬೇಗ ಬೇಗ ಗಾಢವಾಗುತ್ತದೆ, ಉರಿ ಇನ್ನೂ ಸಣ್ಣದಾಗಬೇಕು. ಮೂವತ್ತೈದರಿಂದ ನಲವತ್ತೈದು ನಿಮಿಷಕ್ಕೆ ಚಾಕೊಲೇಟ್ ಬಣ್ಣ. ಮೊದಲ ಸಲ ಮಾಡುವವರು ಅದಕ್ಕಿಂತ ಒಂದು ಹೆಜ್ಜೆ ಮೊದಲೇ, ತಾಮ್ರದ ಬಣ್ಣದಲ್ಲಿ ನಿಲ್ಲಿಸಿದರೂ ಗಂಬೊ ಚೆನ್ನಾಗಿಯೇ ಬರುತ್ತದೆ.

ನಿಲ್ಲಿಸುವುದಕ್ಕೂ ಒಂದು ಉಪಾಯವಿದೆ. ಹೆಚ್ಚಿದ ಉಳ್ಳಾಗಡ್ಡಿಯನ್ನು ಮೊದಲೇ ಪಕ್ಕದಲ್ಲಿ ಇಟ್ಟುಕೊಂಡಿರಿ. ಬಣ್ಣ ಬಂದ ತಕ್ಷಣ ಅದನ್ನು ಸುರಿದರೆ ಅದರ ನೀರು ರೂವಿನ ಕಾವು ಇಳಿಸುತ್ತದೆ. ಹಿಂದೆಯೇ ಡೊಣ್ಣೆಮೆಣಸಿನಕಾಯಿ ಮತ್ತು ಸೆಲರಿ ಸೊಪ್ಪಿನ ದಂಟು. ಎರಡು ಪಾಲು ಉಳ್ಳಾಗಡ್ಡಿಗೆ ಉಳಿದವು ಒಂದೊಂದು ಪಾಲು. ಈ ಮೂರನ್ನು ಕೇಜನ್ನರು ‘ಪವಿತ್ರ ತ್ರಿಮೂರ್ತಿ’ ಎನ್ನುತ್ತಾರೆ, ಇವಿಲ್ಲದೆ ಅವರ ಒಲೆ ಹೊತ್ತುವುದಿಲ್ಲ. ಸೆಲರಿ ಸಿಗದಿದ್ದರೆ ಕೊತ್ತಂಬರಿ ದಂಟನ್ನು ಸಣ್ಣಗೆ ಹೆಚ್ಚಿ ಒಂದು ಚಿಟಿಕೆ ಅಜವಾನದ ಜೊತೆ ಹಾಕಿ. ಅದೇ ರುಚಿ ಬಾರದು, ಆದರೆ ಬಾಯಿಗೆ ಅಪರಿಚಿತವೂ ಅನ್ನಿಸದು. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಬೆಚ್ಚಗಿನ ಸ್ಟಾಕನ್ನು ಸೌಟು ಸೌಟಾಗಿ ಬೆರೆಸಿ. ಒಮ್ಮೆಲೇ ಸುರಿದರೆ ಹಿಟ್ಟು ಗಂಟಾಗುತ್ತದೆ. ಬೇರೆಯಾಗಿ ಕೆಂಪಗೆ ಬಾಡಿಸಿದ ಕೋಳಿ ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ. ಮೇಲೆ ತೇಲುವ ಎಣ್ಣೆಯನ್ನು ಸೌಟಿನಲ್ಲಿ ತೆಗೆದುಬಿಡಿ.

ಗಟ್ಟಿಯಾಗದಿದ್ದಕ್ಕೂ ಕಾರಣ ಹುರಿದದ್ದೇ. ಹಿಟ್ಟು ಹೆಚ್ಚು ಹುರಿದಷ್ಟೂ ಅದರೊಳಗಿನ ಪಿಷ್ಟ ಒಡೆದು, ಮಂದಗೊಳಿಸುವ ಶಕ್ತಿ ಕುಂದುತ್ತದೆ. ಕಪ್ಪು ರೂವಿನ ಗಂಬೊ ತೆಳ್ಳಗಿರುವುದೇ ಸಹಜ. ಅದನ್ನು ಅನ್ನದ ಮೇಲೆ ಹಾಕಿಕೊಂಡು ಉಣ್ಣುವುದು, ಪಲ್ಯದಂತೆ ನಿಲ್ಲಬೇಕಿಲ್ಲ.

ಒಂದು ಎಚ್ಚರಿಕೆ: ಕಾದ ರೂ ಮೈಗೆ ಸಿಡಿದರೆ ಅಂಟಿಕೊಂಡು ಸುಡುತ್ತದೆ, ಬರಿ ಎಣ್ಣೆಗಿಂತ ಕೆಟ್ಟದು. ಚಿಕ್ಕ ಮಕ್ಕಳನ್ನು ಅಡುಗೆಮನೆಯಿಂದ ಹೊರಗಿಡಿ.

ಅಕ್ಕಾರ, ಗಂಬೊಕ್ಕ ಬೆಂಡಿಕಾಯಿ ಹಾಕ್ಬೇಕಂತಾರ. ಹಾಕಿದ್ರ ಬರೇ ಲೋಳಿ ಲೋಳಿ ಆಗ್ತದ, ಮನ್ಯಾಗ ಯಾರೂ ಉಣ್ಣಂಗಿಲ್ಲ. ಬಿಟ್ರ ನಡೀತದೇನ್ರಿ?
— ದೇವದುರ್ಗ, ರಾಯಚೂರು ಜಿಲ್ಲೆ

ನಡೀತದ. ಆದರೆ ಬಿಡುವ ಮೊದಲು ಒಂದು ಸಲ ಹೀಗೆ ಮಾಡಿ ನೋಡಿ. ಕಾಲು ಕಿಲೋ ಎಳೆ ಬೆಂಡೆಯನ್ನು ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಬಿಲ್ಲೆ ಹೆಚ್ಚಿ. ಅಗಲವಾದ ಸ್ಟೀಲ್ ಅಥವಾ ನಾನ್‌ಸ್ಟಿಕ್ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಜೋರು ಉರಿಯಲ್ಲಿ, ಮುಚ್ಚದೆ, ಹದಿನೈದು ನಿಮಿಷ ಬಾಡಿಸಿ. ಸೌಟು ಎತ್ತಿದರೆ ಎಳೆ ಎಳೆಯಾಗಿ ಬರುವುದು ನಿಂತಿರಬೇಕು. ನಡುವೆ ಒಂದು ಚಮಚ ವಿನೆಗರ್ ಚಿಮುಕಿಸಿದರೆ ಬೇಗ ನಿಲ್ಲುತ್ತದೆ. ಉಪ್ಪು ಕೊನೆಗೆ. ಮೊದಲೇ ಹಾಕಿದರೆ ನೀರು ಬಿಟ್ಟು ಲೋಳೆ ಹೆಚ್ಚುತ್ತದೆ. ಕಬ್ಬಿಣದ ಬಾಣಲೆ ಬೇಡ, ಬೆಂಡೆ ಕಪ್ಪಗಾಗುತ್ತದೆ. ಹೀಗೆ ಬಾಡಿಸಿದ್ದನ್ನು ಗಂಬೊ ಕುದಿಯುವಾಗ ಹಾಕಿ.

ಬೆಂಡೆ ಆ ನೆಲದ್ದಲ್ಲ. ಗುಲಾಮರಾಗಿ ಹಡಗೇರಿದ ಆಫ್ರಿಕನ್ನರ ಜೊತೆ ಅಟ್ಲಾಂಟಿಕ್ ದಾಟಿದ್ದು. ಬೆಂಡೆ ಆಫ್ರಿಕದ್ದು, ರೂ ಫ್ರೆಂಚರದ್ದು. ಬೆಂಡೆ ಇಲ್ಲದ ಕಾಲದಲ್ಲಿ ಮಂದಗೊಳಿಸಲು ಹಾಕುವ ಫಿಲೆ ಪುಡಿ ಅಲ್ಲಿನ ಮೂಲನಿವಾಸಿ ಚೊಕ್ಟಾ ಜನರದ್ದು, ಸಾಸಫ್ರಾಸ್ ಮರದ ಎಲೆ ಒಣಗಿಸಿ ಮಾಡುತ್ತಾರೆ. ಸಂಪ್ರದಾಯಸ್ಥರು ಬೆಂಡೆ ಹಾಕಿದರೆ ಫಿಲೆ ಹಾಕುವುದಿಲ್ಲ. ಯಾರಾದರೂ ಅಮೆರಿಕದಿಂದ ಫಿಲೆ ಡಬ್ಬಿ ತಂದುಕೊಟ್ಟರೆ ಒಲೆ ಆರಿಸಿದ ಮೇಲೆಯೇ ಅರ್ಧ ಚಮಚ ಬೆರೆಸಿ. ಕುದಿಸಿದಿರೋ, ನೀವು ಹೇಳುವ ಆ ಲೋಳೆ ಅದರಲ್ಲೂ ಬರುತ್ತದೆ.

ನಮ್ಮ ಮನೆಯಲ್ಲಿ ಮಾಂಸ, ಮೊಟ್ಟೆ ಇಲ್ಲ. ಈ ಅಡುಗೆಯಲ್ಲಿ ನಮಗೇನಾದರೂ ಇದೆಯೇ, ಅಥವಾ ಕೋಳಿ ತೆಗೆದು ಪನೀರ್ ಹಾಕುವುದೇ?
— ಕೊಪ್ಪಳ

ಪನೀರ್ ಬೇಡವೇ ಬೇಡ. ನಿಮಗೆ ಸೊಪ್ಪಿನ ಗಂಬೊ ಇದೆ. ಕ್ರೈಸ್ತರು ಈಸ್ಟರ್ ಮುಂಚಿನ ವ್ರತದ ದಿನಗಳಲ್ಲಿ, ಮುಖ್ಯವಾಗಿ ಗುಡ್ ಫ್ರೈಡೆಗೆ, ಮಾಂಸವಿಲ್ಲದೆ ಮಾಡುತ್ತಿದ್ದದ್ದು ಇದು. ಲೂಸಿಯಾನಾದ ನ್ಯೂ ಆರ್ಲಿಯನ್ಸ್ ನಗರದ ಲಿಯಾ ಚೇಸ್ (1923–2019) ತಮ್ಮ ಹೋಟೆಲಿನಲ್ಲಿ ಅದರ ಹಿಂದಿನ ದಿನ, ಗುರುವಾರ, ಬಡಿಸುತ್ತಿದ್ದ ಸೊಪ್ಪಿನ ಗಂಬೊ ಹೆಸರುವಾಸಿ. ಅವರದ್ದರಲ್ಲಿ ಮಾಂಸವೂ ಇರುತ್ತಿತ್ತು. ಸೊಪ್ಪಿನ ಬಗೆ ಐದೋ ಏಳೋ ಒಂಬತ್ತೋ, ಬೆಸ ಸಂಖ್ಯೆಯಲ್ಲಿರಬೇಕು. ಎಷ್ಟು ಬಗೆ ಹಾಕುತ್ತೀರೋ ಆ ವರ್ಷ ಅಷ್ಟು ಹೊಸ ಗೆಳೆಯರು ಸಿಗುತ್ತಾರೆ ಎಂಬ ನಂಬಿಕೆ.

ಈ ವಿಷಯದಲ್ಲಿ ಕೊಪ್ಪಳದ ಸಂತೆ ಯಾರಿಗೂ ಕಮ್ಮಿಯಿಲ್ಲ. ಪಾಲಕ್, ರಾಜಗಿರಿ, ಮೂಲಂಗಿ ಸೊಪ್ಪು, ಎಲೆಕೋಸು, ಮೆಂತ್ಯ, ಸಬ್ಬಸಿಗೆ, ಪುಂಡಿ: ಏಳಾಯಿತು. ಬಿಡಿಸಿದ ಮೇಲೆ ಎಲ್ಲ ಸೇರಿ ಒಂದು ಕಿಲೋ ಇರಲಿ. ಮೆಂತ್ಯ ಅರ್ಧ ಕಟ್ಟು ಸಾಕು, ಹೆಚ್ಚಾದರೆ ಕಹಿ ಎದ್ದು ಕಾಣುತ್ತದೆ. ಪುಂಡಿಯನ್ನು ಬಿಟ್ಟು ಉಳಿದ ಆರನ್ನೂ ಒಂದೂಕಾಲು ಲೀಟರ್ ನೀರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ಬಸಿದು, ಒರಟಾಗಿ ಅರೆಯಿರಿ. ಬಸಿದ ನೀರು ಚೆಲ್ಲಬೇಡಿ, ಅದೇ ನಿಮ್ಮ ಸ್ಟಾಕ್. ನಾಲ್ಕು ದೊಡ್ಡ ಚಮಚ ಎಣ್ಣೆ, ನಾಲ್ಕು ದೊಡ್ಡ ಚಮಚ ಮೈದಾದಲ್ಲಿ ರೂ ಮಾಡಿ ಇಪ್ಪತ್ತೈದು ನಿಮಿಷದ ಬಣ್ಣಕ್ಕೇ ನಿಲ್ಲಿಸಿ. ಕಪ್ಪು ರೂ ಸೊಪ್ಪಿನ ರುಚಿ ಕೊಲ್ಲುತ್ತದೆ. ತ್ರಿಮೂರ್ತಿ, ಆರು ಎಸಳು ಬೆಳ್ಳುಳ್ಳಿ, ಬಸಿದ ನೀರು, ಅರೆದ ಸೊಪ್ಪು, ಹೀಗೆ ಒಂದಾದ ಮೇಲೊಂದು ಹಾಕಿ ಅರ್ಧ ಗಂಟೆ ಕುದಿಸಿ. ಪುಂಡಿಯನ್ನು ಕೊನೆಯ ಹತ್ತು ನಿಮಿಷಕ್ಕೆ ಹಾಕಿ. ಹುಳಿ ಮೊದಲೇ ಬಿದ್ದರೆ ಉಳಿದ ಸೊಪ್ಪು ಮೆತ್ತಗಾಗಲು ತಡ. ಜೋಳದ ರೊಟ್ಟಿಗೂ ಇದು ಹೊಂದುತ್ತದೆ, ಲೂಸಿಯಾನಾದವರು ಒಪ್ಪಲಿ ಬಿಡಲಿ.

ಲೂಸಿಯಾನಾದಲ್ಲಿ ಭತ್ತದ ಗದ್ದೆಯಲ್ಲೇ ಸೀಗಡಿಯಂಥ ಸಿಹಿನೀರಿನ ಜೀವಿ ಕ್ರಾಫಿಶ್ ಸಾಕುತ್ತಾರಂತೆ. ನಮ್ಮ ಗದ್ದೆಗಳಲ್ಲಿ ಆಗುತ್ತದೆಯೇ?
— ರೈತರೊಬ್ಬರು, ಸಿಂಧನೂರು

ಬೇಡ. ಅಲ್ಲಿ ಭತ್ತ ಕೊಯ್ದ ಗದ್ದೆಗೆ ಮತ್ತೆ ನೀರು ನಿಲ್ಲಿಸಿ, ಚಳಿಗಾಲದಿಂದ ಬೇಸಿಗೆಯ ಹೊಸ್ತಿಲವರೆಗೆ ಬಲೆಬುಟ್ಟಿ ಇಟ್ಟು ಹಿಡಿಯುವುದು ನಿಜ. ಬ್ರೊ ಬ್ರಿಜ್ ಎಂಬ ಊರಿಗೆ 1959ರಲ್ಲಿ ಅಲ್ಲಿನ ಶಾಸನಸಭೆ ‘ಜಗತ್ತಿನ ಕ್ರಾಫಿಶ್ ರಾಜಧಾನಿ’ ಎಂದು ಬಿರುದನ್ನೇ ಕೊಟ್ಟಿದೆ. ಆದರೆ ಆ ಪ್ರಾಣಿ ಮಣ್ಣು ಕೊರೆದು ಬಿಲ ತೋಡುತ್ತದೆ. 1970ರ ದಶಕದಲ್ಲಿ ಸ್ಪೇನಿಗೆ ತಂದು ಬಿಟ್ಟಲ್ಲಿ ಭತ್ತದ ಗದ್ದೆಗಳಿಗೇ ಹಾವಳಿಯಾಯಿತು. ನಿಮ್ಮ ಬದು, ಉಪಕಾಲುವೆಯ ಏರಿ ತೂತು ಬಿದ್ದರೆ ಕೆಳಗಿನ ಗದ್ದೆಯವರು ಸುಮ್ಮನಿರುತ್ತಾರೆಯೇ? ಸರ್ಕಾರದ ಅನುಮತಿಯಿಲ್ಲದೆ ವಿದೇಶಿ ಜಲಚರ ತರುವಂತೆಯೂ ಇಲ್ಲ. ಅಡುಗೆಗೆ ಕ್ರಾಫಿಶ್ ಬದಲು ಸೀಗಡಿ ಹಾಕಿ, ಕೊನೆಯ ನಾಲ್ಕು ನಿಮಿಷಕ್ಕೆ ಮಾತ್ರ. ಹೆಚ್ಚು ಬೆಂದ ಸೀಗಡಿ ರಬ್ಬರು.

ಜಂಬಲಾಯಕ್ಕೆ ಮನೆಯ ಸೋನಾ ಮಸೂರಿ ಹಾಕಿ ಕುಕ್ಕರಿನಲ್ಲಿ ಎರಡು ಸೀಟಿ ಹೊಡೆಸಿದೆ. ಮುದ್ದೆಯಾಯಿತು. ಬಾಸುಮತಿಯೇ ಬೇಕೇ? ಕೆಲವರು ಟೊಮ್ಯಾಟೊ ಹಾಕುತ್ತಾರೆ, ಕೆಲವರು ಹಾಕಬಾರದೆನ್ನುತ್ತಾರೆ. ಯಾವುದು ಸರಿ?
— ಗಂಗಾವತಿ

ಗಂಗಾವತಿಯಲ್ಲಿ ಕೂತು ಬಾಸುಮತಿ ಕೊಳ್ಳಬೇಡಿ. ಬಾಸುಮತಿಯ ಪರಿಮಳ ಈ ಅಡುಗೆಗೆ ಹೊಂದುವುದೂ ಇಲ್ಲ. ತೊಂದರೆ ಇರುವುದು ಹೊಸ ಅಕ್ಕಿಯಲ್ಲಿ ಮತ್ತು ಕುಕ್ಕರಿನಲ್ಲಿ. ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ವರ್ಷ ಹಳೆಯ ಸೋನಾ ಮಸೂರಿ ತೆಗೆದುಕೊಳ್ಳಿ. ನಿಮ್ಮೂರಿನ ಮಿಲ್ಲಿನಲ್ಲಿ ಸ್ಟೀಮ್ ಅಕ್ಕಿ ಸಿಕ್ಕರೆ ಇನ್ನೂ ಒಳ್ಳೆಯದು, ಕಾಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಲೂಸಿಯಾನಾದಲ್ಲೂ ಜಾತ್ರೆಗೆ ದೊಡ್ಡ ಕಡಾಯಿಗಳಲ್ಲಿ ಮಾಡುವವರು ಕುಸುಬಲಕ್ಕಿಯನ್ನೇ ನೆಚ್ಚುತ್ತಾರೆ.

ಪಾತ್ರೆಯ ತಳ ಅಗಲವಾಗಿರಲಿ. ಅರ್ಧ ಕಿಲೋ ಕೋಳಿಯನ್ನು ಎಣ್ಣೆಯಲ್ಲಿ ಎರಡು ಸಲಕ್ಕೆ ಹಂಚಿ ಬಾಡಿಸಿ. ಒಮ್ಮೆಲೇ ತುಂಬಿದರೆ ನೀರು ಬಿಟ್ಟುಕೊಂಡು ಬೇಯುತ್ತದೆಯೇ ಹೊರತು ಕೆಂಪಾಗುವುದಿಲ್ಲ. ತಳಕ್ಕೆ ಕಂದು ಪದರ ಅಂಟಬೇಕು, ಆದರೆ ಕಪ್ಪಾಗಬಾರದು. ಕೇಜನ್ ಜಂಬಲಾಯದ ಬಣ್ಣ, ರುಚಿ ಎರಡೂ ಅಲ್ಲಿಂದಲೇ ಬರಬೇಕು. ಕೋಳಿ ತೆಗೆದು ತ್ರಿಮೂರ್ತಿ ಹಾಕಿ, ಎರಡು ಸೌಟು ನೀರು ಹೊಯ್ದು ಆ ಪದರವನ್ನು ಕೆರೆದು ಕರಗಿಸಿ, ನೀರು ಇಂಗುವವರೆಗೆ ಬಾಡಿಸಿ. ನಂತರ ಎರಡು ಕಪ್ ಅಕ್ಕಿ ಹಾಕಿ ಎರಡು ನಿಮಿಷ ಹುರಿದು, ಕೋಳಿ ಮತ್ತು ಮೂರೂವರೆ ಕಪ್ ಬಿಸಿ ಸ್ಟಾಕ್ ಸೇರಿಸಿ. ಉಪ್ಪು ಈಗಲೇ ನೋಡಿ: ನೀರು ಸ್ವಲ್ಪ ಉಪ್ಪುಪ್ಪು ಅನ್ನಿಸಬೇಕು, ಅಕ್ಕಿ ಎಳೆದುಕೊಳ್ಳುತ್ತದೆ. ಕುದಿ ಬಂದ ಮೇಲೆ ತೀರಾ ಸಣ್ಣ ಉರಿ, ಬಿಗಿ ಮುಚ್ಚಳ, ಹದಿನೆಂಟು ನಿಮಿಷ. ನಡುವೆ ಒಂದೇ ಒಂದು ಸಲ, ಹತ್ತನೇ ನಿಮಿಷಕ್ಕೆ, ಕೆಳಗಿನದನ್ನು ಮೇಲಕ್ಕೆ ಮಗುಚಿ. ಕಲಕಿದರೆ ಕಾಳು ಒಡೆದು ಮತ್ತೆ ಮುದ್ದೆ. ಒಲೆ ಆರಿಸಿ ಹತ್ತು ನಿಮಿಷ ಮುಟ್ಟದೆ ಬಿಡಿ.

ಟೊಮ್ಯಾಟೊ ಜಗಳ ಹಳೆಯದು, ಅದು ಊರು-ಹಳ್ಳಿಯ ಜಗಳ. ಕೆನಡಾದ ಪೂರ್ವ ತೀರದ ಅಕೇಡಿಯಾದಲ್ಲಿ ನೆಲೆಸಿದ್ದ ಫ್ರೆಂಚ್ ರೈತರನ್ನು 1755ರಿಂದ ಬ್ರಿಟಿಷರು ಒಕ್ಕಲೆಬ್ಬಿಸಿದರು. ಅವರಲ್ಲಿ ಒಂದು ಪಾಲು 1765ರ ಆಸುಪಾಸಿಗೆ ಲೂಸಿಯಾನಾ ಸೇರಿ, ಜೌಗು ಮತ್ತು ಹುಲ್ಲುಗಾವಲುಗಳಲ್ಲಿ ಬದುಕು ಕಟ್ಟಿಕೊಂಡಿತು. ಇವರೇ ಕೇಜನ್ನರು. ಅಡುಗೆ ಒಂದೇ ಪಾತ್ರೆಯದು, ಸಿಕ್ಕಿದ್ದನ್ನು ಹಾಕುವುದು. ನ್ಯೂ ಆರ್ಲಿಯನ್ಸ್ ಬಂದರು ನಗರ: ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ಕೈಗಳು ಬೆರೆತು ಬೆಳೆದ ಕ್ರಿಯೋಲ್ ಅಡುಗೆ ಅಲ್ಲಿನದು. ಅವರ ಜಂಬಲಾಯಕ್ಕೆ ಟೊಮ್ಯಾಟೊ ಬೀಳುತ್ತದೆ, ಕೆಂಪಗಿರುತ್ತದೆ. ಹಳ್ಳಿಗಾಡಿನದು ಕಂದು. ನೀವು ಟೊಮ್ಯಾಟೊ ಹಾಕುವುದಾದರೆ ಎರಡು ಸಾಕು, ಸ್ಟಾಕ್ ಅರ್ಧ ಕಪ್ ಕಡಿಮೆ ಮಾಡಿ, ಹುಳಿಗೆ ಅಕ್ಕಿ ಬೇಯುವುದು ತಡವಾಗುವುದರಿಂದ ನಾಲ್ಕೈದು ನಿಮಿಷ ಹೆಚ್ಚು ಕೊಡಿ.

ನಾವು ಮೆಣಸಿನಕಾಯಿ ಬೆಳೆಯುವವರು. ಕೇಜನ್ ಮಸಾಲೆ ಎಂದು ಸಣ್ಣ ಶೀಶೆಗೆ ನೂರಾರು ರೂಪಾಯಿ ಕೇಳುತ್ತಾರೆ. ಮನೆಯಲ್ಲೇ ಮಾಡಬಹುದೇ? ಮೀನಿಗೆ ಹಚ್ಚಿ ಕಪ್ಪಗೆ ಸುಡುವುದು ಹೇಗೆ?
— ಸಿರುಗುಪ್ಪ

ಆ ಶೀಶೆಯಲ್ಲಿರುವ ಪ್ಯಾಪ್ರಿಕಾದ, ಅಂದರೆ ಖಾರ ಕಡಿಮೆಯ ಕೆಂಪು ಮೆಣಸಿನ ಪುಡಿಯ, ಕೆಲಸ ಬಣ್ಣ ಕೊಡುವುದು. ಆ ಕೆಲಸಕ್ಕೆ ನಿಮ್ಮ ಹೊಲದ ಬ್ಯಾಡಗಿ ತಳಿಗಿಂತ ಬೇಕೇ? ಎರಡು ದೊಡ್ಡ ಚಮಚ ಬ್ಯಾಡಗಿ ಪುಡಿ, ಒಂದು ಸಣ್ಣ ಚಮಚ ಗುಂಟೂರು ಪುಡಿ, ಒಂದೊಂದು ದೊಡ್ಡ ಚಮಚ ಒಣ ಬೆಳ್ಳುಳ್ಳಿ ಪುಡಿ ಮತ್ತು ಒಣ ಉಳ್ಳಾಗಡ್ಡಿ ಪುಡಿ, ಎರಡು ಸಣ್ಣ ಚಮಚ ಕರಿಮೆಣಸು, ಒಂದು ಸಣ್ಣ ಚಮಚ ಬಿಳಿಮೆಣಸು, ಒಂದೊಂದು ಸಣ್ಣ ಚಮಚ ಥೈಮ್ ಮತ್ತು ಓರೆಗಾನೊ ಎಂಬ ಒಣ ಎಲೆಗಳು. ಉಪ್ಪು ಇದರಲ್ಲಿ ಬೆರೆಸಬೇಡಿ, ಅಡುಗೆಗೆ ಬೇರೆಯಾಗಿ ಹಾಕಿ. ಅಂಗಡಿ ಶೀಶೆಯ ಮಸಾಲೆಯಿಂದ ಅಡುಗೆ ಉಪ್ಪಾಗುವುದು ಅದರಲ್ಲಿ ಉಪ್ಪೇ ಹೆಚ್ಚಿರುವುದರಿಂದ. ಬೆಳ್ಳುಳ್ಳಿ, ಉಳ್ಳಾಗಡ್ಡಿಯನ್ನು ತೆಳ್ಳಗೆ ಹೆಚ್ಚಿ ಮುರಿದರೆ ಟಕ್ಕೆನ್ನುವವರೆಗೆ ಬಿಸಿಲಿಗೆ ಒಣಗಿಸಿ ಪುಡಿ ಮಾಡಿ. ಸ್ವಲ್ಪ ಬಾಗಿದರೂ ತೇವ ಉಳಿದಿದೆ ಎಂದರ್ಥ, ಮಸಾಲೆ ಗಡ್ಡೆ ಕಟ್ಟುತ್ತದೆ.

ಮೀನನ್ನು ಕಪ್ಪಗೆ ಸುಡುವುದು ಅಜ್ಜಂದಿರ ಕಾಲದ್ದಲ್ಲ. ಬಾಣಸಿಗ ಪಾಲ್ ಪ್ರುಡೋಮ್ 1979ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ತೆರೆದ ಹೋಟೆಲಿನಿಂದ ಪ್ರಚಾರವಾದದ್ದು. ಎಷ್ಟು ಹುಚ್ಚು ಹಿಡಿಯಿತೆಂದರೆ ಮೆಕ್ಸಿಕೊ ಕೊಲ್ಲಿಯಲ್ಲಿ ಅದಕ್ಕೆ ಬಳಸುವ ರೆಡ್‌ಫಿಶ್ ಮೀನು ಹಿಡಿಯುವುದಕ್ಕೆ ಕಡಿವಾಣ ಹಾಕಬೇಕಾಯಿತು. ನಿಮಗೆ ಕೊರಮೀನು ಸರಿ, ಮುಳ್ಳು ಕಡಿಮೆ. ರೋಹು, ಕಾಟ್ಲಾದಲ್ಲಿ ಸಣ್ಣ ಮುಳ್ಳು ಜಾಸ್ತಿ, ಹೋಳು ತೆಗೆಯುವುದು ಕಷ್ಟ. ಒಂದೂವರೆ ಸೆಂಟಿಮೀಟರ್ ದಪ್ಪದ ಹೋಳನ್ನು ಒರೆಸಿ, ಕರಗಿದ ಬೆಣ್ಣೆಯಲ್ಲಿ ಅದ್ದಿ, ಉಪ್ಪು ಮಸಾಲೆ ಒತ್ತಿ, ಹತ್ತು ನಿಮಿಷ ಕಾದ ಕಬ್ಬಿಣದ ಹಂಚಿನ ಮೇಲೆ ಬದಿಗೆ ಎರಡೆರಡು ನಿಮಿಷ. ಇಲ್ಲಿ ಬೆಣ್ಣೆ ಸೀಯುವುದೇ ಬೇಕಾದದ್ದು. ಹಂಚು ಸಾಕಷ್ಟು ಕಾಯದಿದ್ದರೆ ಮಸಾಲೆ ಮೀನು ಬಿಟ್ಟು ಹಂಚಿಗೆ ಅಂಟುತ್ತದೆ. ಹೊಗೆ, ಘಾಟು ವಿಪರೀತ, ಒಳಗೆ ಮಾಡಲೇಬೇಡಿ. ಅಂಗಳದ ಒಲೆಯೇ ಇದಕ್ಕೆ ಲಾಯಕ್ಕು.

ಹಣ್ಣು ಮೆಣಸಿನಕಾಯಿಯಿಂದ ಟಬಾಸ್ಕೊ ತರಹದ ಸಾಸ್ ಹಾಕಿಟ್ಟೆ, ಮೇಲೆ ಬಿಳಿ ಪೊರೆ ಬಂತು. ಕೆಟ್ಟಿತೇ?
— ಮಾನ್ವಿ

ಪೊರೆ ಚಪ್ಪಟೆಯಾಗಿ, ನೆರಿಗೆ ನೆರಿಗೆಯಾಗಿದ್ದರೆ ಅದು ಯೀಸ್ಟ್. ತೆಗೆದು ಎಸೆದು ಮುಂದುವರಿಸಿ. ಹತ್ತಿಯಂತೆ ಉಬ್ಬಿ ಹಸಿರು, ಕಪ್ಪು ಬಣ್ಣವಿದ್ದರೆ ಬೂಷ್ಟು. ಭರಣಿಯನ್ನೇ ಖಾಲಿ ಮಾಡಿ, ಮೇಲಿನದಷ್ಟೇ ತೆಗೆದರೆ ಸಾಲದು.

ಅರ್ಧ ಕಿಲೋ ಹಣ್ಣು ಮೆಣಸಿನಕಾಯಿಗೆ ಹದಿನೈದು ಗ್ರಾಂ ಉಪ್ಪು, ತೂಗಿಯೇ ಹಾಕಿ. ತೊಟ್ಟು ತೆಗೆದು, ಪೂರ್ತಿ ಒಣಗಿಸಿ, ಉಪ್ಪಿನ ಜೊತೆ ರುಬ್ಬಿ ಗಾಜಿನ ಭರಣಿಗೆ ಮುಕ್ಕಾಲು ಮಟ್ಟ ಮಾತ್ರ ತುಂಬಿ, ಉಬ್ಬಿ ಬರುತ್ತದೆ. ಮುಚ್ಚಳ ಸಡಿಲವಿರಲಿ, ದಿನಕ್ಕೊಮ್ಮೆ ಒಣ ಚಮಚದಿಂದ ಒತ್ತಿ. ಚಳಿಗಾಲದಲ್ಲಿ ಎಂಟು ಹತ್ತು ದಿನ ಬೇಕು. ಏಪ್ರಿಲ್, ಮೇ ತಿಂಗಳ ನಿಮ್ಮ ಬಿಸಿಲಿಗೆ ನಾಲ್ಕೈದು ದಿನಕ್ಕೇ ಹುಳಿ ಮಿತಿಮೀರುತ್ತದೆ, ಆಗ ಹಾಕದಿರುವುದೇ ಲೇಸು. ಆಮೇಲೆ ಕಾಲು ಲೀಟರ್ ವಿನೆಗರ್ ಬೆರೆಸಿ, ರುಬ್ಬಿ, ಸೋಸಿ ಫ್ರಿಜ್ಜಿನಲ್ಲಿಡಿ. ಸೋಸಿ ಉಳಿದ ಚರಟಕ್ಕೆ ಬೆಳ್ಳುಳ್ಳಿ, ಮೆಂತ್ಯ ಹಾಕಿದರೆ ರಂಜಕದ ತಮ್ಮನಾಯಿತು. ಟಬಾಸ್ಕೊದವರು 1868ರಿಂದ ಲೂಸಿಯಾನಾದ ಏವರಿ ದ್ವೀಪದಲ್ಲಿ ಮಾಡುತ್ತಿರುವುದೂ ಇದೇ ಮೆಣಸಿನಕಾಯಿ, ಉಪ್ಪು, ವಿನೆಗರ್. ಆದರೆ ಅವರು ಓಕ್ ಮರದ ಪೀಪಾಯಿಯಲ್ಲಿ ಮೂರು ವರ್ಷದವರೆಗೆ ಹಣ್ಣಾಗಿಸುತ್ತಾರೆ. ಆ ರುಚಿಯನ್ನು ಹತ್ತು ದಿನದಲ್ಲಿ ಕೇಳಬೇಡಿ.

ಸೋಮವಾರದ ರಾಜ್ಮಾ-ಅನ್ನ ಮಾಡಿದೆ. ರಾತ್ರಿಯೆಲ್ಲ ನೆನೆಸಿದರೂ ಕಾಳು ಕಲ್ಲು.
— ಲಿಂಗಸುಗೂರು

ಬೋರ್‌ವೆಲ್ ನೀರಿನ ಗಡಸು. ಅದರಲ್ಲಿರುವ ಸುಣ್ಣದಂಶ ಕಾಳಿನ ಸಿಪ್ಪೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ನೆನೆಸುವ ನೀರಿಗೆ ಕಾಲು ಸಣ್ಣ ಚಮಚ ಅಡುಗೆ ಸೋಡಾ ಹಾಕಿ, ಬೆಳಗ್ಗೆ ಆ ನೀರು ಚೆಲ್ಲಿ, ಶುದ್ಧೀಕರಿಸಿದ ಕುಡಿಯುವ ನೀರಿನಲ್ಲಿ ಬೇಯಿಸಿ. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ. ಟೊಮ್ಯಾಟೊ, ವಿನೆಗರ್ ಏನಿದ್ದರೂ ಕಾಳು ಬೆಂದ ಮೇಲೆ. ರಾಜ್ಮಾವನ್ನು ಮೊದಲ ಹತ್ತು ನಿಮಿಷ ಕೊತಕೊತ ಕುದಿಸಲೇಬೇಕು. ಅರೆಬೆಂದ ಕಾಳಿನಲ್ಲಿ ವಾಂತಿ, ಹೊಟ್ಟೆನೋವು ತರುವ ವಿಷಾಂಶವಿರುತ್ತದೆ. ಬೆಂದ ಮೇಲೆ ಒಂದು ಸೌಟು ಕಾಳನ್ನು ಪಾತ್ರೆಯ ಬದಿಗೆ ಒತ್ತಿ ಹಿಸುಕಿದರೆ ಗ್ರೇವಿ ತಾನೇ ಮಂದವಾಗುತ್ತದೆ. ಸೋಮವಾರ ಲೂಸಿಯಾನಾದಲ್ಲಿ ಬಟ್ಟೆ ಒಗೆಯುವ ದಿನವಾಗಿತ್ತು. ಭಾನುವಾರದ ಹಂದಿ ಎಲುಬಿನ ಜೊತೆ ಒಲೆಯ ಮೇಲಿಟ್ಟರೆ ಬಟ್ಟೆ ಮುಗಿಯುವಷ್ಟರಲ್ಲಿ ಊಟ ಸಿದ್ಧ. ನಮ್ಮಲ್ಲಿ ಸೋಮವಾರ ಹಲವರಿಗೆ ಮಾಂಸ ವರ್ಜ್ಯ, ಎಲುಬು ಬಿಟ್ಟರೂ ರುಚಿಗೆ ಕೊರತೆಯಾಗದು.

ಸೀಗಡಿ ಜೊತೆ ಕೊಡುವ ಗ್ರಿಟ್ಸ್ ಕೇಜನ್ ತಿಂಡಿಯೇ? ಅದಕ್ಕೆ ನಮ್ಮ ಜೋಳದ ನುಚ್ಚು ಆಗುತ್ತದೆಯೇ?
— ಕುಷ್ಟಗಿ

ಕೇಜನ್ ಅಲ್ಲ. ಅದು ಅಟ್ಲಾಂಟಿಕ್ ತೀರದ ಕ್ಯಾರೊಲಿನಾ ಕಡೆಯದು, ಚಾರ್ಲ್ಸ್‌ಟನ್ ಸುತ್ತಿನ ತಗ್ಗು ನಾಡಿನದು. ಪಶ್ಚಿಮ ಆಫ್ರಿಕದಿಂದ ಎಳೆತಂದವರ ಭತ್ತದ ಬೇಸಾಯದ ತಿಳಿವಳಿಕೆಯ ಮೇಲೆಯೇ ಅಲ್ಲಿನ ಜಮೀನ್ದಾರರು ಶ್ರೀಮಂತರಾದದ್ದು. ಆ ಜನರ ಸಂತತಿಯಾದ ಗಲ್ಲಾ ಗೀಚಿ ಸಮುದಾಯ ಇಂದಿಗೂ ಆ ಅಡುಗೆ ಉಳಿಸಿಕೊಂಡಿದೆ.

ಗ್ರಿಟ್ಸ್ ಎಂದರೆ ಗೋವಿನಜೋಳದ ನುಚ್ಚು. ಒಂದು ಪಾಲಿಗೆ ನಾಲ್ಕೂವರೆ ಪಾಲು ನೀರು, ಸಣ್ಣ ಉರಿಯಲ್ಲಿ ನಲವತ್ತು ನಿಮಿಷ. ಬಿಳಿಜೋಳದ ನುಚ್ಚೂ ಧಾರಾಳವಾಗಿ ಆಗುತ್ತದೆ, ಎರಡು ಗಂಟೆ ನೆನೆಸಿಕೊಳ್ಳಿ. ಅಷ್ಟು ಜಿಗುಟು, ಸಿಹಿ ಬರುವುದಿಲ್ಲ, ಕೊನೆಗೆ ಒಂದು ಚಮಚ ಬೆಣ್ಣೆ ಕಲಸಿದರೆ ಸರಿಹೋಗುತ್ತದೆ.

ಕರಿದ ಮೀನಿಗೆ ಹಚ್ಚಿಕೊಳ್ಳುವ ರೆಮುಲಾಡ್ ಸಾಸ್ ಎಷ್ಟು ದಿನ ಇಡಬಹುದು?
— ರಾಯಚೂರು

ಒಂದು ಕಪ್ ಮೇಯನೇಸ್, ಎರಡು ದೊಡ್ಡ ಚಮಚ ಸಾಸಿವೆ ಪೇಸ್ಟ್, ಒಂದು ಸಣ್ಣ ಚಮಚ ಬ್ಯಾಡಗಿ ಪುಡಿ, ಎರಡು ಎಸಳು ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಹಸಿ ಉಳ್ಳಾಗಡ್ಡಿ ಸೊಪ್ಪು, ಅರ್ಧ ನಿಂಬೆಹಣ್ಣು. ಅಂಗಡಿಯ ಮೇಯನೇಸಿನಿಂದ ಮಾಡಿದ್ದು ಫ್ರಿಜ್ಜಿನಲ್ಲಿ ಮೂರು ದಿನ. ಹಸಿ ಮೊಟ್ಟೆಯಿಂದ ಮನೆಯಲ್ಲೇ ಮಾಡಿದ್ದಾದರೆ ಅವತ್ತೇ ಮುಗಿಸಿ. ಊಟದ ಮೇಜಿನ ಮೇಲೆ ರಾಯಚೂರಿನ ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಇಡಬೇಡಿ. ಬಟ್ಟಲನ್ನು ಐಸಿನ ತಟ್ಟೆಯಲ್ಲಿಟ್ಟರೂ ಸರಿ, ಉಳಿದದ್ದನ್ನು ಮತ್ತೆ ಭರಣಿಗೆ ಸುರಿಯಬೇಡಿ.